ಮರಕ್ಕೆ ಕಟ್ಟಿಕೊಂಡು ಕೂರುವ ವಿದ್ಯೆ

ಶಿರೋಳದ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳಿಗೆ ಬಂದರೆ ಗುಬ್ಬಿ, ಗಿಳಿ, ಗುಲಾಬಿ ಕಬ್ಬಕ್ಕಿಗಳ ದಂಡು ಇಳಿಯುತ್ತದೆ. ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಕವಣೆ ಬೀಸುತ್ತ ಹಕ್ಕಿ ಕಾಯುವುದು ರೋಣ–ನರಗುಂದ ಸೀಮೆಯ ಹಳೆಯ ರೂಢಿ. ಬೇಟೆಗಾರರಿಗೂ ಎತ್ತರ ಬೇಕಿತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟವಾದ ತಮ್ಮ ಮೊದಲ ಪುಸ್ತಕದಲ್ಲಿ ಮಚಾನಿನ ಮೇಲೆ ನರಭಕ್ಷಕಗಳಿಗಾಗಿ ಕಾದ ರಾತ್ರಿಗಳನ್ನು ಬರೆದಿದ್ದಾರೆ.

ಅಮೆರಿಕದ ಜಿಂಕೆ ಬೇಟೆಗಾರರು ಈಗ ಅಟ್ಟವನ್ನೇ ಸೊಂಟಕ್ಕೆ ಸುತ್ತಿಕೊಂಡು ಹೋಗುತ್ತಾರೆ. ಅದರ ಹೆಸರು ಟ್ರೀ ಸ್ಯಾಡಲ್: ಸೊಂಟ, ತೊಡೆಗಳನ್ನು ಹಿಡಿಯುವ ಗಟ್ಟಿ ಬಟ್ಟೆಯ ಆಸನ, ಕಾಂಡಕ್ಕೆ ಬಿಗಿದ ಹಗ್ಗ, ಎರಡನ್ನೂ ಕೂಡಿಸುವ ಲೋಹದ ಕೊಂಡಿ. ಕಾಲಿಗೆ ಅಂಗೈಯಗಲದ ಮೆಟ್ಟು.

ನಮ್ಮಲ್ಲಿ ಇದನ್ನು ತೊಟ್ಟು ಬೇಟೆಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೃಷ್ಣಮೃಗವನ್ನು ಕೊಂದವರಿಗೆ 3ರಿಂದ 7 ವರ್ಷ ಜೈಲು. ಆದರೆ ಹಕ್ಕಿ ನೋಡುವವರಿಗೆ, ಫೋಟೊ ತೆಗೆಯುವವರಿಗೆ, ಬೆಳೆ ಕಾಯುವವರಿಗೆ ಈ ಆಸನ ಚೆನ್ನಾಗಿ ಒದಗೀತು.

ಹೊಸಬರನ್ನು ಕಾಡುವುದು ಎತ್ತರಕ್ಕಿಂತ ಹೆಚ್ಚಾಗಿ ಅಪನಂಬಿಕೆ. ಹಗ್ಗಕ್ಕೆ ಭಾರ ಬಿಡಲು ಮೈ ಒಪ್ಪುವುದಿಲ್ಲ. ಕೈ ಕೊಂಬೆ ತಡಕುತ್ತದೆ, ಕಾಲು ಸೆಟೆಯುತ್ತದೆ. ಆದ್ದರಿಂದ ಮೊದಲ ಪಾಠ ನೆಲದಿಂದ ಒಂದಡಿ ಮೇಲೆ. ಹಗ್ಗವನ್ನು ತಲೆಯ ಮಟ್ಟಕ್ಕೆ ಕಟ್ಟಿ, ಹಿಂದಕ್ಕೆ ಒರಗಿ, ಮೊಣಕಾಲನ್ನು ಕಾಂಡಕ್ಕೆ ಊರಿ ಕೂರಬೇಕು. ಸೊಂಟ ಹಿಂಡಿದಂತಾದರೆ ಪಟ್ಟಿಯನ್ನು ತುಸು ಕೆಳಗೆ ಸರಿಸಿ. ಹಗ್ಗದ ಎತ್ತರ ಒಂದು ಗೇಣು ಬದಲಾದರೂ ನೋವು ತಗ್ಗಬಹುದು. ಒಮ್ಮೆ ಒರಗುವುದು, ಒಮ್ಮೆ ಕೂರುವುದು, ಕಾಂಡದ ಸುತ್ತ ತಿರುಗುವುದು ರೂಢಿಯಾದ ಮೇಲೆಯೇ ಎತ್ತರದ ಮಾತು.

ಹತ್ತುವಾಗ ಬೇರೆಯೇ ಹಗ್ಗ ಬೇಕು. ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಬೆಲ್ಟಿನ ಹಾಗೆ ಅದು ಕಾಂಡವನ್ನು ಬಳಸಿ ಸೊಂಟದ ಎರಡೂ ಬದಿ ಸಿಕ್ಕಿಕೊಂಡಿರುತ್ತದೆ. ಮೇಲಿನ ಹಗ್ಗ ಭದ್ರವಾಗುವವರೆಗೆ ಅದನ್ನು ಬಿಚ್ಚಬಾರದು. ಮೇಲಿನ ಹಗ್ಗ ಯಾವಾಗಲೂ ಬಿಗಿಯಾಗಿರಲಿ. ಸಡಿಲವಿದ್ದಷ್ಟೂ ಜಾರಿದಾಗ ಜಗ್ಗು ಜೋರು. ಅಲುಗಾಡದೆ ನೇತಾಡುತ್ತಿದ್ದರೆ ತೊಡೆಯ ಪಟ್ಟಿ ರಕ್ತದ ಓಟ ತಡೆದು ಪ್ರಜ್ಞೆ ತಪ್ಪಿಸಬಲ್ಲದು. ಕೆಳಗೊಬ್ಬ ಜೊತೆಗಾರ ಇರಲೇಬೇಕು.

ಎರೆಸೀಮೆಯಲ್ಲಿ ಮರಗಳೇ ವಿರಳ. ಜಾಲಿಗೆ ಮುಳ್ಳು, ಹಳೆಯ ಹುಣಸೆಗೆ ಪೊಟರೆ, ಆಲಕ್ಕೆ ಹೆಜ್ಜೇನು. ಬದುವಿನ ಹಸಿರು ಬೇವು, ನೆಟ್ಟಗಿನ ಕಾಂಡದ್ದಾದರೆ ಒಳ್ಳೆಯದು. ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಒಣಗೊಂಬೆ ತಲೆಯ ಮೇಲಿದ್ದರೆ, ಆ ಮರ ಬಿಡಿ.

ಬಾವಿಯ ಹಗ್ಗ, ಎತ್ತಿನ ಮಿಣಿ, ಹಳೆಯ ಬೆಲ್ಟುಗಳಿಂದ ಆಸನ ಹೊಲಿಯುವ ಸಾಹಸ ಬೇಡ. ಮನುಷ್ಯನ ಭಾರಕ್ಕೆಂದೇ ಪರೀಕ್ಷಿಸಿದ ಸರಂಜಾಮು ಕೊಳ್ಳಿ, ಬಲ್ಲವರ ಎದುರು ಕಲಿಯಿರಿ, ಹೊಲದೊಡೆಯನನ್ನು ಕೇಳಿ ಹತ್ತಿರಿ. ಬಂದೂಕು ಬಿಟ್ಟು ದುರ್ಬೀನು ಒಯ್ಯಿರಿ.