ವೈದ್ಯ ವ್ಯಾಸಂಗದಲ್ಲೊಂದು ಅಧಿಕ ವರ್ಷ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ವೈದ್ಯವೃತ್ತಿಯವರು ಅನೇಕರು. ಅವರ ಮಕ್ಕಳಲ್ಲಿಯೂ ಹಲವರು ಅಲ್ಲಿಯೇ ವೈದ್ಯಶಾಸ್ತ್ರವನ್ನು ಓದುತ್ತಿದ್ದಾರೆ. ಆ ಮಕ್ಕಳು ಎರಡನೆಯ ಇಲ್ಲವೆ ಮೂರನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಮನೆಯಲ್ಲಿ ಒಂದು ಪ್ರಶ್ನೆ ತಲೆದೋರುತ್ತದೆ. ಐದು ವರ್ಷಗಳ ವ್ಯಾಸಂಗವನ್ನು ನಡುವೆ ತಡೆಹಿಡಿದು, ಒಂದು ವರ್ಷ ಬೇರೊಂದು ಪದವಿಗಾಗಿ ಓದಬೇಕೆ, ಬೇಡವೆ? ಈ ಸುದ್ದಿ ಊರಿನ ಹಿರಿಯರ ಕಿವಿಗೆ ಬಿದ್ದೊಡನೆ "ಹುಡುಗಿ ನಪಾಸಾದಳೇನು?" ಎಂಬ ಆತಂಕ ಮೊದಲು ಮೂಡುವುದು ಸಹಜ. ನಪಾಸಿಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯವಾಗಿ ಚೆನ್ನಾಗಿ ಓದುವ ಮಕ್ಕಳೇ ಈ ದಾರಿಯನ್ನು ಆಯ್ದುಕೊಳ್ಳುತ್ತಾರೆ.

ಈ ಏರ್ಪಾಟಿಗೆ ಅಲ್ಲಿ 'ಇಂಟರ್‌ಕಲೇಷನ್' ಎಂದು ಹೆಸರು. ಇದು ಪಂಚಾಂಗದಿಂದ ಬಂದ ಪದ. ತಿಂಗಳುಗಳ ಎಣಿಕೆಯೂ ಋತುಗಳ ಗತಿಯೂ ಒಂದಕ್ಕೊಂದು ದೂರವಾಗದಿರಲೆಂದು ನಡುವೆ ಸೇರಿಸುವ ಕಾಲವನ್ನು ಅದು ಸೂಚಿಸುತ್ತದೆ. ನಮ್ಮ ಅಧಿಕಮಾಸವೂ ಇದೇ ಬಗೆಯದು. ಅಧಿಕಮಾಸವಿಲ್ಲದಿದ್ದರೆ ಯುಗಾದಿಯು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತ ಮಳೆಗಾಲಕ್ಕೂ ಚಳಿಗಾಲಕ್ಕೂ ಬಂದು ನಿಲ್ಲುತ್ತಿತ್ತು. ಆದುದರಿಂದ ಅಧಿಕವೆಂದರೆ ವ್ಯರ್ಥವೆಂದು ಅರ್ಥವಲ್ಲ.

ಈ ವರ್ಷದಲ್ಲಿ ವಿದ್ಯಾರ್ಥಿಯು ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ, ನರವಿಜ್ಞಾನ, ಸಾರ್ವಜನಿಕ ಆರೋಗ್ಯ, ವೈದ್ಯನೀತಿ ಮುಂತಾದವುಗಳಲ್ಲಿ ಒಂದನ್ನು ಆಳವಾಗಿ ಅಭ್ಯಸಿಸಿ, ಬಹುಮಟ್ಟಿಗೆ ಒಂದು ಸಂಶೋಧನೆಯನ್ನು ಕೈಗೊಂಡು ಪ್ರಬಂಧ ಬರೆಯುತ್ತಾನೆ. ಹಿಂದಿನ ವರ್ಷಗಳ ವೈದ್ಯಕೀಯ ಪಾಠಗಳೇ ಆ ಪದವಿಯ ತಳಹದಿಯೆಂದು ಗಣನೆಯಾಗುವುದರಿಂದ ಒಂದೇ ವರ್ಷದಲ್ಲಿ ಬಿ.ಎಸ್‌ಸಿ. ಪದವಿ ದೊರೆಯುತ್ತದೆ, ಕೆಲವೆಡೆ ಎಂ.ಎಸ್‌ಸಿ. ಪದವಿಗೂ ಅವಕಾಶವುಂಟು. ಅನುಮತಿಯಿದ್ದರೆ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗಿಯೂ ಓದಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್ ಹಾಗೂ ಲಂಡನ್ನಿನ ಇಂಪೀರಿಯಲ್ ಕಾಲೇಜು, ಯೂನಿವರ್ಸಿಟಿ ಕಾಲೇಜುಗಳಲ್ಲಿ ಇದು ಆರು ವರ್ಷಗಳ ಸಾಮಾನ್ಯ ವ್ಯಾಸಂಗದಲ್ಲಿಯೇ ಅಡಕವಾಗಿದೆ. ಉಳಿದ ಬಹಳಷ್ಟು ಕಡೆ ಅದು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು.

ನಮ್ಮ ದೇಶದ ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿ ನಾಲ್ಕೂವರೆ ವರ್ಷಗಳ ಪಾಠ, ಅನಂತರ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ನಡುವೆ ಇನ್ನೊಂದು ಪದವಿಗೆ ಇಂತಹ ಏರ್ಪಾಟಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನ ಯೋಜನೆಯು ಎರಡು ತಿಂಗಳ ಸಂಶೋಧನೆಗೆ ಎಡೆಮಾಡಿಕೊಟ್ಟಿತು. ಆದುದರಿಂದ ಇಲ್ಲಿ ಓದಿ ಅಲ್ಲಿಗೆ ಹೋದ ತಂದೆತಾಯಿಗಳಿಗೂ ಈ ಪದ್ಧತಿ ಹೊಸದಾಗಿ ತೋರುವುದರಲ್ಲಿ ಆಶ್ಚರ್ಯವೇನಿಲ್ಲ.

ವಿದ್ಯಾರ್ಥಿಯೊಬ್ಬನು ಸಂಶೋಧನೆಗೆ ಕೈಹಾಕಿದರೆ ಏನಾದೀತು? ಇತಿಹಾಸವೇ ಉತ್ತರ ಕೊಡುತ್ತದೆ. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕಾಂಗದಲ್ಲಿ ದ್ವೀಪಗಳಂತೆ ಗುಂಪುಗೂಡಿದ ಜೀವಕೋಶಗಳನ್ನು ತನ್ನ ಪ್ರಬಂಧದಲ್ಲಿ ವರ್ಣಿಸಿದನು. ಆಗ ಅವನ ವಯಸ್ಸು 21. ಅವುಗಳ ಕೆಲಸವೇನೆಂಬುದು ಅವನಿಗೆ ತಿಳಿದಿರಲಿಲ್ಲ. ಅರ್ಧ ಶತಮಾನದ ತರುವಾಯ, 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್‌ರೊಡನೆ ದುಡಿದು ಆ ದ್ವೀಪಗಳ ರಸವಾದ ಇನ್ಸುಲಿನ್ನನ್ನು ಬೇರ್ಪಡಿಸಲು ನೆರವಾದ ಚಾರ್ಲ್ಸ್ ಬೆಸ್ಟ್ ಕೂಡ ಆಗತಾನೆ ಬಿ.ಎ. ಮುಗಿಸಿದ ವಿದ್ಯಾರ್ಥಿಯೇ, ವೈದ್ಯಪದವಿಯನ್ನು ಅವರು ಪಡೆದದ್ದು 1925ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮ್ಯಾಕ್‌ಲೀನ್ ಎಂಬ ವೈದ್ಯವಿದ್ಯಾರ್ಥಿಯು ಒಂದು ವರ್ಷವನ್ನು ಶರೀರಕ್ರಿಯಾಶಾಸ್ತ್ರದ ಸಂಶೋಧನೆಗೆಂದೇ ಮೀಸಲಿಟ್ಟನು. ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದವನಿಗೆ 1916ರಲ್ಲಿ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೇ ಕೈಗೆ ಸಿಕ್ಕಿತು. ಹೆಪಾರಿನ್ ಔಷಧದ ಮೂಲ ಅಲ್ಲಿದೆ. ಇಂದಿಗೂ ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್‌ಗಳಲ್ಲಿ ಅದು ಬಳಕೆಯಲ್ಲಿದೆ.

ಇಂತಹ ಫಲ ಎಲ್ಲರಿಗೂ ದೊರೆಯದು. ಬಹುಪಾಲು ಮಕ್ಕಳ ಪ್ರಯೋಗಗಳು ಸಣ್ಣವು. ಕೆಲವು ವಿಫಲವೂ ಆಗುತ್ತವೆ. ಆದರೆ ಒಂದು ಔಷಧದ ಬಗೆಗೆ ಹೇಳಿದ್ದನ್ನೆಲ್ಲ ನಂಬದೆ, ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಿದರು, ಯಾವುದರೊಡನೆ ಹೋಲಿಸಿದರು ಎಂದು ಕೇಳುವ ಅಭ್ಯಾಸ ಬೆಳೆಯುತ್ತದೆ. ಈ ಅಭ್ಯಾಸವುಳ್ಳ ವೈದ್ಯನು ಮುಂದೆ ರೋಗಿಯ ಹಾಸಿಗೆಯ ಬಳಿ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಇನ್ನು ಖರ್ಚಿನ ಮಾತು. ಇಂಗ್ಲೆಂಡಿನಲ್ಲಿ ಅಲ್ಲಿಯ ನಿವಾಸಿಗಳ ಮಕ್ಕಳಿಗೆ ವಾರ್ಷಿಕ ಬೋಧನಾಶುಲ್ಕದ ಗರಿಷ್ಠ ಮಿತಿ 2025-26ರಲ್ಲಿ 9,535 ಪೌಂಡ್ ಇದ್ದಿತು. ಅದರ ಮೇಲೆ ಊಟ, ಬಾಡಿಗೆ ಬೇರೆ. ಅರ್ಹ ವಿದ್ಯಾರ್ಥಿಗಳಿಗೆ ಐದನೆಯ ವರ್ಷದಿಂದ ರಾಷ್ಟ್ರೀಯ ಆರೋಗ್ಯ ಸೇವೆಯ ಸಹಾಯಧನವು ಬೋಧನಾಶುಲ್ಕವನ್ನು ಭರಿಸುತ್ತದೆ. ಆದರೆ ಜೀವನವೆಚ್ಚದ ಸಾಲ ಆಗ ಕಡಿಮೆಯಾಗುತ್ತದೆ. ಭಾರತದಿಂದ ಹೋಗಿ ಓದುವವರಿಗೆ ಶುಲ್ಕ ಹಲವು ಪಟ್ಟು ಹೆಚ್ಚು, ಈ ಸಹಾಯಧನವೂ ಇಲ್ಲ, ವೀಸಾ ಅವಧಿಯನ್ನೂ ವಿಸ್ತರಿಸಿಕೊಳ್ಳಬೇಕು. ಹೊಲ ಅಡವಿಟ್ಟು ಮಗನನ್ನು ಕಳುಹಿಸಿದ ಮನೆಯಲ್ಲಿ ಈ ಲೆಕ್ಕ ಹಗುರವಾದುದಲ್ಲ. ವೇತನವೂ ಒಂದು ವರ್ಷ ತಡವಾಗಿಯೇ ಆರಂಭವಾಗುತ್ತದೆ. ಜೊತೆಯವರು ಮುಂದೆ ಹೋಗುತ್ತಾರೆ. ಮರಳಿ ಬಂದಾಗ ಆಸ್ಪತ್ರೆಯ ರೂಢಿಯನ್ನು ಮತ್ತೆ ಚುರುಕುಗೊಳಿಸಿಕೊಳ್ಳಬೇಕಾಗುತ್ತದೆ.

ಮತ್ತೊಂದು ಸಂಗತಿ ಗಮನಾರ್ಹ. ಹಿಂದೆ, ಪದವಿಯ ನಂತರದ ಮೊದಲ ಎರಡು ವರ್ಷಗಳ ತರಬೇತಿಗೆ ಸ್ಥಳ ಹಂಚುವಾಗ ಅಧಿಕ ಪದವಿಗೆ ಅಂಕಗಳಿದ್ದವು. ಆ ಅಂಕಗಳು ಈಗಿಲ್ಲ. 2024ರಲ್ಲಿ ತರಬೇತಿಗೆ ಸೇರಿದ ತಂಡದಿಂದ ಮೊದಲ್ಗೊಂಡು ಅಭ್ಯರ್ಥಿಗಳ ಆಯ್ಕೆ ಹಾಗೂ ಗಣಕಯಂತ್ರವು ಕೊಡುವ ಕ್ರಮಾಂಕಗಳ ಆಧಾರದ ಮೇಲೆ ಹಂಚಿಕೆ ನಡೆಯಿತು. ಆದುದರಿಂದ ಅಂಕದ ಆಸೆಯಿಂದ ಈ ವರ್ಷವನ್ನು ಕೈಗೊಳ್ಳುವುದು ತರವಲ್ಲ. ವಿಷಯದಲ್ಲಿ ಆಸಕ್ತಿಯಿದ್ದರೆ ಮಾತ್ರ ಅದು ಸಾರ್ಥಕ.

ಹೆಣ್ಣುಮಕ್ಕಳ ವಿಷಯದಲ್ಲಿ "ಮದುವೆಗೆ ತಡವಾಗುತ್ತದೆ" ಎಂಬ ಮಾತು ಕೇಳಿಬರುವುದುಂಟು. ವೈದ್ಯಳಾಗಿ ಮೂವತ್ತು-ನಲವತ್ತು ವರ್ಷ ದುಡಿಯಲಿರುವವಳಿಗೆ ಒಂದು ವರ್ಷದ ಲೆಕ್ಕ ಹಿಡಿದು ಬಾಗಿಲು ಮುಚ್ಚುವುದು ನ್ಯಾಯವೆನಿಸದು. ಗಂಡುಮಗನಿಗೆ ಕೇಳದ ಈ ಪ್ರಶ್ನೆಯನ್ನು ಮಗಳಿಗೂ ಕೇಳದಿರುವುದು ಲೇಸು.

ಪಾಲಕರು ಮಾಡಬೇಕಾದುದಿಷ್ಟು: ಅರ್ಜಿಯ ಅವಧಿ ಹಿಂದಿನ ವರ್ಷವೇ ಮುಗಿಯುವುದರಿಂದ ಮಕ್ಕಳೊಡನೆ ಮುಂಚಿತವಾಗಿ ಕುಳಿತು ಮಾತನಾಡಬೇಕು. ಯಾವ ವಿಷಯ, ಯಾರ ಮಾರ್ಗದರ್ಶನ, ಎಷ್ಟು ಸಾಲ ಎಂಬ ಮೂರನ್ನು ಕೇಳಬೇಕು. ಮೂರಕ್ಕೂ ಸ್ಪಷ್ಟ ಉತ್ತರವಿದ್ದರೆ ಮನಸಾರೆ ಹರಸಿ ಕಳುಹಿಸಬೇಕು. ಉತ್ತರವಿಲ್ಲದಿದ್ದರೆ ನೇರವಾಗಿ ಐದು ವರ್ಷಗಳಲ್ಲಿ ಓದು ಮುಗಿಸುವುದೂ ಗೌರವದ ದಾರಿಯೇ. ಆ ದಾರಿಯಲ್ಲಿ ನಡೆದವರು ಕಡಿಮೆ ವೈದ್ಯರೆಂದು ಯಾರೂ ಭಾವಿಸಬೇಕಾಗಿಲ್ಲ. ನಿರ್ಧಾರ ಯಾವುದೇ ಇರಲಿ, ಅದು ನೆರೆಮನೆಯವರ ಮಕ್ಕಳನ್ನು ನೋಡಿ ಮಾಡಿದುದಾಗದೆ ನಮ್ಮ ಮಕ್ಕಳ ಒಲವನ್ನು ಅರಿತು ಮಾಡಿದುದಾಗಲಿ ಎಂಬುದೇ ನಮ್ಮ ಹಾರೈಕೆ.