ನೀರು ಬಂದರೆ ಜಗಳ ನಿಲ್ಲುತ್ತದೆಯೇ?

ಮಂಡ್ಯ ಜಿಲ್ಲೆಯ ನಕ್ಷೆಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ನೀರಿನ ಲೆಕ್ಕಕ್ಕೆ ಬಂದರೆ ನಾಲ್ಕರ ಹಣೆಬರಹವೂ ಬೇರೆ ಬೇರೆ. ಶ್ರೀರಂಗಪಟ್ಟಣದ ಗದ್ದೆಗಳಿಗೆ ಕನ್ನಂಬಾಡಿ ಕಟ್ಟೆ ಏಳುವುದಕ್ಕೆ ಬಹಳ ಮೊದಲೇ ಕಾವೇರಿಯ ಒಡ್ಡುಗಳಿಂದ ನೀರು ಹರಿಯುತ್ತಿತ್ತು. ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆಗಳು ಇವತ್ತಿಗೂ ಅಲ್ಲಿನ ಭತ್ತ, ಕಬ್ಬನ್ನು ಸಾಕುತ್ತಿವೆ. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಜಮೀನಿನದು ಒಂದು ಕಥೆ, ಮೇಲುಕೋಟೆ ಬೆಟ್ಟದ ಕಡೆಯ ಜಮೀನಿನದು ಇನ್ನೊಂದು. ಕೆ.ಆರ್. ಪೇಟೆ ಗೊರೂರಿನಿಂದ ಬರುವ ಹೇಮಾವತಿ ಎಡದಂಡೆ ನಾಲೆಯನ್ನು ನೆಚ್ಚಿಕೊಂಡಿದೆ. ಅದೇ ನಾಲೆ ನಾಗಮಂಗಲದ ಕಡೆಗೆ ಮುಂದುವರಿಯುವಷ್ಟರಲ್ಲಿ ನೀರು ಸೊರಗುತ್ತದೆ. ಅಲ್ಲಿಯ ರಾಗಿ, ಹುರುಳಿ ಹೊಲಗಳು ಮಳೆಯನ್ನು, ಕೆರೆಯನ್ನು, ಕೊಳವೆ ಬಾವಿಯನ್ನು ನಂಬಿ ಕೂತಿವೆ. ಹೀಗಿರುವಾಗ ‘ನೀರು ಕೊಡಿ, ರಸ್ತೆ ಕೊಡಿ, ಕೈಗೆ ಕೆಲಸ ಕೊಡಿ, ಜಗಳ ತಾನಾಗಿ ನಿಲ್ಲುತ್ತದೆ’ ಎಂಬ ಮಾತು ವೇದಿಕೆಯಿಂದ ವೇದಿಕೆಗೆ ಸಾಗುತ್ತಲೇ ಇದೆ. ಅಂತರರಾಷ್ಟ್ರೀಯ ನೆರವಿನ ಲೋಕದಲ್ಲೂ ಬಹುಕಾಲ ಇದೇ ನಂಬಿಕೆ ಇತ್ತು: ಬಡತನ ಯುದ್ಧವನ್ನು ಹೆರುತ್ತದೆ, ಹಣ ಶಾಂತಿಯನ್ನು ಹೆರುತ್ತದೆ.

ಇದು ಅರ್ಧ ನಿಜ. ಉಳಿದರ್ಧ ತಪ್ಪು ಎಂಬುದಕ್ಕೆ ಸಾಕ್ಷ್ಯ ಮಂಡ್ಯದಲ್ಲೇ ಸಿಗುತ್ತದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ತಂದರು. ಹಳ್ಳಿಗಳಿಗೆ ಅವರು ಕೊಟ್ಟ ಬದಲಿ ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆಯ ನೀರು ಬಂತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ನೀರು ಕಂಡ ಊರಲ್ಲಿ ಕಬ್ಬಿನ ಹಣ ಬಂದರೂ ಒಡೆಯ–ಆಳಿನ ಹಳೆಯ ಕಟ್ಟು ಸಡಿಲಲಿಲ್ಲ. ಆ ಊರಿನ ದಲಿತರು ನಾಟಕವೊಂದನ್ನು ಆಡಲು ಹೊರಟಾಗ, ಪಾತ್ರಧಾರಿ ಸಿಂಹಾಸನದ ಮೇಲೆ ಕೂರುತ್ತಾನೆ ಎಂಬ ಕಾರಣಕ್ಕೆ ಜಮೀನುಳ್ಳವರು ತಕರಾರು ತೆಗೆದು, ಅವರನ್ನು ಕೂಲಿಗೆ ಕರೆಯುವುದನ್ನೇ ನಿಲ್ಲಿಸಿದ ಪ್ರಸಂಗ ಪುಸ್ತಕದಲ್ಲಿದೆ. ನೀರು ಕಾಣದ ದಲೇನದ ಜನ ಮಂಡ್ಯದ ಕಾರ್ಖಾನೆಗೆ, ವ್ಯಾಪಾರಕ್ಕೆ, ಗಾಡಿ ಹೊಡೆಯಲು ಹೊರಗೆ ಹೋದರು. ಹಳೆಯ ಸಂಬಂಧಗಳು ಸಡಿಲಗೊಂಡದ್ದು ಅಲ್ಲಿ. ಅಂದರೆ ಒಂದೇ ನಾಲೆ ಪಕ್ಕಪಕ್ಕದ ಎರಡು ಊರುಗಳಲ್ಲಿ ಎರಡು ಬಗೆಯ ಸಮಾಜವನ್ನು, ಎರಡು ಬಗೆಯ ಜಗಳವನ್ನು ಹುಟ್ಟಿಸಿತು. ಅಭಿವೃದ್ಧಿ ಇದ್ದ ಬಿರುಕಿನ ಮೇಲೆ ಹರಿಯುತ್ತದೆ. ಕೆಲವೆಡೆ ಅದನ್ನು ಮುಚ್ಚುತ್ತದೆ, ಕೆಲವೆಡೆ ಕೊರೆದು ಅಗಲ ಮಾಡುತ್ತದೆ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. 1994ರ ನರಮೇಧಕ್ಕೆ ಮೊದಲು ರುವಾಂಡ ನೆರವು ಕೊಡುವ ದೇಶಗಳ ಕಣ್ಣಿಗೆ ಒಳ್ಳೆಯ ವಿದ್ಯಾರ್ಥಿಯಾಗಿತ್ತು. ಆ ನೆರವು ಒಡಕನ್ನು ಹೇಗೆ ಪೋಷಿಸಿತು ಎಂಬುದನ್ನು ಪೀಟರ್ ಉವಿನ್ 1998ರ ಪುಸ್ತಕದಲ್ಲಿ ಬಿಡಿಸಿಟ್ಟರು. ಫಿಲಿಪ್ಪೀನ್ಸ್‌ನಲ್ಲಿ ವಿಶ್ವಬ್ಯಾಂಕ್ ನೆರವಿನ ಗ್ರಾಮಾಭಿವೃದ್ಧಿ ಯೋಜನೆಯೊಂದನ್ನು ಪರೀಕ್ಷಿಸಿದ 2014ರ ಅಧ್ಯಯನ ಇನ್ನೂ ಬಿಗಿಯಾದದ್ದು. ಯೋಜನೆಗೆ ಕೂದಲೆಳೆಯಲ್ಲಿ ಅರ್ಹವಾದ ಊರುಗಳನ್ನು, ಕೂದಲೆಳೆಯಲ್ಲಿ ಅವಕಾಶ ತಪ್ಪಿದ ಊರುಗಳ ಜತೆ ಹೋಲಿಸಿದಾಗ, ಅರ್ಹವಾದ ಕಡೆಯೇ ಹಿಂಸೆ ಹೆಚ್ಚಿತ್ತು. ಯೋಜನೆ ಯಶಸ್ವಿಯಾದರೆ ಜನ ತಮ್ಮ ಕೈತಪ್ಪುತ್ತಾರೆಂದು ಬಂಡುಕೋರರು ಮೊದಲೇ ಮುಗಿಬಿದ್ದಿದ್ದರು. ನಮ್ಮ ದೇಶವೂ ಈಗ ನೆರವು ಕೊಡುವ ಸಾಲಿನಲ್ಲಿದೆ. ಅಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟು 2016ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯವರಿಗೆ ಅದು ಸ್ನೇಹದ ಕಾಣಿಕೆ, ಕೆಳಗಿನ ಇರಾನಿಗೆ ಹರಿರೂದ್ ನದಿಯ ನೀರು ಕಡಿಮೆಯಾದೀತೆಂಬ ಆತಂಕ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಮದರಾಸು ಎತ್ತಿದ ಆಕ್ಷೇಪವನ್ನು ಬಲ್ಲವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ನಂಬಿಕೆ ಇನ್ನೂ ಜನಪ್ರಿಯ. ಕಾವೇರಿ ಎಂದರೆ ಕನ್ನಡದ ರೈತ ಮತ್ತು ತಮಿಳು ರೈತನ ನಡುವಿನ ಕಾಳಗ, ಮುಂದಿನ ಯುದ್ಧಗಳೆಲ್ಲ ನೀರಿಗಾಗಿಯೇ ನಡೆಯುವುದು ಎಂಬ ಭವಿಷ್ಯವಾಣಿ. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಆರನ್ ವುಲ್ಫ್ ದೇಶದೇಶಗಳ ನಡುವಿನ ನೀರಿನ ವ್ಯವಹಾರಗಳನ್ನು ಪಟ್ಟಿ ಮಾಡಿ ನೋಡಿದರು. ಜಗಳಕ್ಕಿಂತ ಸಹಕಾರದ ಪ್ರಸಂಗಗಳೇ ಹೆಚ್ಚು ಸಿಕ್ಕವು. ನೀರಿಗಾಗಿಯೇ ನಡೆದ ಪೂರ್ಣ ಯುದ್ಧ ಹುಡುಕಲು ಅವರು ಸುಮಾರು 4,500 ವರ್ಷ ಹಿಂದಕ್ಕೆ, ಸುಮೇರಿಯದ ಲಗಾಶ್ ಮತ್ತು ಉಮ್ಮಾ ನಗರಗಳವರೆಗೆ ಹೋಗಬೇಕಾಯಿತು. ನಮ್ಮ ಹತ್ತಿರದ್ದನ್ನೇ ನೋಡೋಣ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಸುತ್ತ ಹಿಂಸೆ ಭುಗಿಲೆದ್ದದ್ದು ಮುಖ್ಯವಾಗಿ ಬೆಂಗಳೂರಿನಲ್ಲಿ. ಮನೆ ಕಳೆದುಕೊಂಡು ಓಡಿದವರಲ್ಲಿ ಬಹುಪಾಲು ಬಡ ತಮಿಳು ಕೂಲಿಕಾರರು. 2016ರ ಸೆಪ್ಟೆಂಬರ್ 12ರಂದು ಸಾಲು ಸಾಲು ಬಸ್ಸುಗಳು ಉರಿದದ್ದೂ ಬೆಂಗಳೂರಿನಲ್ಲಿಯೇ, ಶ್ರೀರಂಗಪಟ್ಟಣದ ಗದ್ದೆಯಿಂದ ನೂರು ಕಿಲೋಮೀಟರಿಗೂ ದೂರ. ಮಂಡ್ಯದ ರೈತ ರಸ್ತೆ ತಡೆದ, ಕನ್ನಂಬಾಡಿಗೆ ಮುತ್ತಿಗೆ ಹಾಕಲು ಹೊರಟ, ಲಾಠಿ ಏಟು ತಿಂದ. ತಂಜಾವೂರಿನ ರೈತನ ಮನೆಗೆ ಬೆಂಕಿ ಇಡಲು ಹೋಗಲಿಲ್ಲ. ನೀರಿನ ಕೊರತೆ ಒಂದು ಕಡೆ, ಹಿಂಸೆ ಇನ್ನೊಂದು ಕಡೆ. ಎರಡನ್ನೂ ಬೆಸೆಯುವ ಕೆಲಸ ರಾಜಕೀಯದ್ದು, ಸುದ್ದಿಯದ್ದು, ನಗರದ ನಿರುದ್ಯೋಗದ್ದು. ಇದನ್ನು ಗುರುತಿಸದೆ ಇನ್ನೊಂದು ಅಣೆಕಟ್ಟು ಕಟ್ಟಿದರೆ ಶಾಂತಿ ಬರುತ್ತದೆ ಎನ್ನುವುದು ರೋಗ ಒಂದು, ಮದ್ದು ಇನ್ನೊಂದು ಎಂಬಂತೆ.

ಒಪ್ಪಂದಕ್ಕೆ ಸಹಿ ಬಿದ್ದರೆ ಮುಗಿಯಿತು ಎಂಬ ನಂಬಿಕೆಯ ಗತಿಯನ್ನು ಶ್ರೀರಂಗಪಟ್ಟಣಕ್ಕಿಂತ ಚೆನ್ನಾಗಿ ತೋರಿಸುವ ಊರು ಅಪರೂಪ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಏಳು ವರ್ಷ ಕಳೆಯುತ್ತಿದ್ದಂತೆ ಅದೇ ಕೋಟೆಯ ಮುಂದೆ ಫಿರಂಗಿಗಳು ಮತ್ತೆ ನಿಂತಿದ್ದವು. 1892 ಮತ್ತು 1924ರಲ್ಲಿ ಮದರಾಸಿನೊಂದಿಗೆ ಆದ ಕಾವೇರಿ ನೀರಿನ ಒಪ್ಪಂದಗಳು ಅಷ್ಟು ಕ್ರೂರವಾದವಲ್ಲ, ಆದರೂ ಮೈಸೂರಿನ ಕೈ ಅಲ್ಲಿ ಸಮನಾಗಿರಲಿಲ್ಲ ಎಂಬ ನೋವು ಇಂದಿಗೂ ಇದೆ. ಒಬ್ಬರ ಕೈ ತಿರುಚಿ ಪಡೆದ ಸಹಿ ಮುಂದಿನ ಜಗಳಕ್ಕೆ ಬಡ್ಡಿ ಕೂಡಿಸಿಡುತ್ತದೆ.

ಮಾತುಕತೆ ಎಂದರೆ ಶರಣಾಗತಿ, ನೀರನ್ನು ನ್ಯಾಯಾಲಯದಲ್ಲೇ ಗೆಲ್ಲಬೇಕು ಎಂಬ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು, ಯಾಕೆಂದರೆ ಅದು ಹುಸಿ ಆಕ್ಷೇಪವಲ್ಲ. ನ್ಯಾಯಮಂಡಳಿಯ 2007ರ ಫೆಬ್ರವರಿ 5ರ ಅಂತಿಮ ತೀರ್ಪು ಕರ್ನಾಟಕ ತಮಿಳುನಾಡಿಗೆ ಗಡಿಯ ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಬಿಡಬೇಕೆಂದಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25 ಟಿಎಂಸಿಗೆ ಇಳಿಸಿತು. ಉಳಿದ 14.75 ಟಿಎಂಸಿ ಕರ್ನಾಟಕಕ್ಕೆ ದಕ್ಕಿದ್ದು ವಾದದಿಂದ: ತಮಿಳುನಾಡಿನ ಅಂತರ್ಜಲದ ಲೆಕ್ಕಕ್ಕೆ 10, ಬೆಂಗಳೂರಿನ ಕುಡಿಯುವ ನೀರಿಗೆ 4.75. ಬಸ್ಸು ಸುಟ್ಟಿದ್ದಕ್ಕೆ ಒಂದು ಹನಿಯೂ ಸಿಗಲಿಲ್ಲ. ಸರಿ, ಹಾಗಾದರೆ ನ್ಯಾಯಾಲಯವೇ ಸಾಕಲ್ಲ? ಸಾಲದು. ತೀರ್ಪು ಮಾಮೂಲಿ ವರ್ಷದ ಪಾಲನ್ನು ಹೇಳುತ್ತದೆ. ಮಳೆ ಕೈಕೊಟ್ಟರೆ ಪಾಲು ಆ ಪ್ರಮಾಣದಲ್ಲಿ ಇಳಿಯಬೇಕು ಎಂದಿದೆ. ಎಷ್ಟು, ಯಾವ ತಿಂಗಳಿಂದ, ಯಾವ ಜಲಾಶಯದ ಮಟ್ಟವನ್ನು ಹಿಡಿದು ಎಂಬುದು ಪ್ರತಿ ಬರದಲ್ಲೂ ಹೊಸ ಜಗಳ. 2023ರಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಇತ್ತು, ತೀರ್ಪೂ ಇತ್ತು. ಆದರೂ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಒಂದರ ಹಿಂದೆ ಒಂದು ನಡೆದವು.

ಈ ತೆರವಿನಲ್ಲಿ ಕೆಲಸ ಮಾಡಲು ಹೊರಟದ್ದು 2003ರ ‘ಕಾವೇರಿ ಕುಟುಂಬ’. 2002ರ ಕೆಟ್ಟ ವರ್ಷದ ಬೆನ್ನಲ್ಲೇ ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಎರಡೂ ರಾಜ್ಯಗಳ ರೈತರನ್ನು ಒಂದೇ ಮೇಜಿನ ಮುಂದೆ ಕೂರಿಸಿದರು. ಈ ಕಡೆಯಿಂದ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ, ಆ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್. ಇವರಿಬ್ಬರೂ ಬೀದಿಯಲ್ಲಿ, ನ್ಯಾಯಾಲಯದಲ್ಲಿ ತಮ್ಮ ತಮ್ಮ ಪಕ್ಷಕ್ಕೆ ಗಟ್ಟಿಯಾಗಿ ನಿಂತವರು, ಸುಮ್ಮನೆ ಶಾಂತಿ ಬಯಸುವ ಸಾಧು ಜನರಲ್ಲ. ಅದರಿಂದಲೇ ಅವರ ಮಾತಿಗೆ ತೂಕವಿತ್ತು. ಡೆಲ್ಟಾದ ರೈತರು ಇಲ್ಲಿಯ ಜಲಾಶಯಗಳನ್ನು, ಇಲ್ಲಿಯವರು ಡೆಲ್ಟಾದ ಗದ್ದೆಗಳನ್ನು ಕಣ್ಣಾರೆ ನೋಡಿದರು. ಎದುರು ದಂಡೆಯವನಿಗೂ ಸಾಲವಿದೆ, ಒಣಗಿದ ಸಸಿಮಡಿ ಇದೆ ಎಂಬುದು ಪತ್ರಿಕೆಯ ಸಾಲಿನಿಂದ ತಿಳಿಯುವುದೇ ಬೇರೆ, ಅವನ ಬದುವಿನ ಮೇಲೆ ನಿಂತು ತಿಳಿಯುವುದೇ ಬೇರೆ.

‘ಏನು ಸಾಧಿಸಿತು ಅದು? ಸೂತ್ರ ಬಂತೇ?’ ಎಂದು ಕೇಳುವವರಿದ್ದಾರೆ. ಸರ್ಕಾರಗಳು ಒಪ್ಪುವ ಸೂತ್ರ ಅದರಿಂದ ಹೊರಬರಲಿಲ್ಲ, ನಿಜ. ಆದರೆ ತಡೆದ ಜಗಳಕ್ಕೆ ಶಿಲಾಫಲಕ ಇರುವುದಿಲ್ಲ. ಈ ಬಗೆಯ ಕೆಲಸವನ್ನು ಅಳೆಯುವುದೇ ಕಷ್ಟ, ಹಣ ಕೊಡುವವರು ಹಿಂದೇಟು ಹಾಕುವುದೂ ಅದಕ್ಕೇ. ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ 2018ರಲ್ಲಿ ಒಟ್ಟಾಗಿ ಮಾಡಿದ ಅಂದಾಜಿನ ಪ್ರಕಾರ ಸಂಘರ್ಷವನ್ನು ಮೊದಲೇ ತಡೆದರೆ ಜಗತ್ತಿಗೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್ ಉಳಿಯುತ್ತದೆ. ಅಂದಾಜಿನ ಈ ಅಗಾಧ ಅಂತರವನ್ನು ನೋಡಿದರೇ ಗೊತ್ತಾಗುತ್ತದೆ, ಲೆಕ್ಕ ಎಷ್ಟು ಜಾರುತ್ತದೆ ಎಂದು. ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ದೋಷ: ಕಾವೇರಿ ಕುಟುಂಬದ ಮೇಜಿನ ಸುತ್ತ ಜಮೀನಿಲ್ಲದ ಕೂಲಿಕಾರರಿಗೆ, ಹೆಂಗಸರಿಗೆ, ನಾಗಮಂಗಲದಂಥ ಒಣ ತಾಲ್ಲೂಕಿಗೆ ಸಿಕ್ಕ ಜಾಗ ಕಡಿಮೆ. ನಾಲೆಯ ತಲೆಯಲ್ಲಿ ಕೂತವರು ನಾಲೆಯ ಬಾಲದ ಪರವಾಗಿಯೂ ಮಾತಾಡಿಬಿಡುವುದು ಬೆಂಗಳೂರಿನಿಂದ ಜಿನೀವಾವರೆಗೆ ನಡೆಯುವ ರೂಢಿ.

ನೀರು ಹಂಚಿ ಜಗಳ ತಡೆಯುವ ವಿದ್ಯೆ ಹಳ್ಳಿಗೆ ಹೊಸದಲ್ಲ, ನಮ್ಮ ಹಿರಿಯರ ಕಾಲದಲ್ಲಿ ಜಗಳವೇ ಇರಲಿಲ್ಲ ಎನ್ನುವುದು ಮಾತ್ರ ಇನ್ನೊಂದು ಭ್ರಮೆ. ಕೆರೆಯ ಕೆಳಗೆ ನೀರು ಹಂಚುತ್ತಿದ್ದವನು ನೀರಗಂಟಿ. ತೂಬಿನ ಬಿರಡೆ ಎತ್ತುವ, ಇಳಿಸುವ ಅಧಿಕಾರ ಅವನೊಬ್ಬನದು. ಇವತ್ತು ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ಗುದ್ದಲಿ ಹಿಡಿದು ಬದು ಒಡೆಯುತ್ತ, ಕಟ್ಟುತ್ತ ತೀರ್ಮಾನಿಸುತ್ತಿದ್ದವನೂ ಅವನೇ. ಹಲವು ಊರುಗಳಲ್ಲಿ ಅವನು ದಲಿತ. ಆ ಅಚ್ಚುಕಟ್ಟಿನಲ್ಲಿ ತನ್ನದೇ ಗದ್ದೆ ಇಲ್ಲದವನು ಪಕ್ಷಪಾತ ಮಾಡಲಾರ ಎಂಬ ಲೆಕ್ಕ ಅದರ ಹಿಂದಿತ್ತು. ಕೋಲಾರದ ಕಡೆ ನೀರು ಸಾಲದ ವರ್ಷ ಕೆರೆಗೆ ಹತ್ತಿರದ ಜಮೀನನ್ನು ಮಾತ್ರ ಬೆಳೆಗೆ ಇಟ್ಟುಕೊಂಡು, ಅದನ್ನು ಎಲ್ಲ ಹಿಡುವಳಿದಾರರೂ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುವ ದಾಮಾಷ ಪದ್ಧತಿ ಇತ್ತು. ಬರದ ವರ್ಷದ ನಿಯಮ ಬರ ಬರುವ ಮೊದಲೇ ಗೊತ್ತಿತ್ತು, ಕಾವೇರಿಗೆ ಇವತ್ತಿಗೂ ಇಲ್ಲದ್ದು ಅದು. ಹಾಗೆಂದು ಅದನ್ನು ಸುವರ್ಣಯುಗ ಮಾಡಬೇಕಿಲ್ಲ. ಎಲ್ಲರ ಗದ್ದೆಗೂ ನೀರು ಹಾಯಿಸಿದ ನೀರಗಂಟಿಗೆ ಹಲವು ಕಡೆ ತನ್ನದೊಂದು ಗದ್ದೆ ಇರಲಿಲ್ಲ. ಆ ಶಾಂತಿಗೆ ಬೆಲೆ ತೆತ್ತವನು ಅವನು.

ನೀರಿಗೆ ಸಂಬಂಧವಿಲ್ಲದ ಜಗಳಗಳೂ ಇವೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಗಿ ಅಂಗಡಿ, ವಾಹನಗಳಿಗೆ ಬೆಂಕಿ ಬಿತ್ತು, 50ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಒಣ ತಾಲ್ಲೂಕು, ಬಡತನ, ಆದ್ದರಿಂದ ಹಿಂಸೆ ಎಂದು ಸರಳ ಸಮೀಕರಣ ಬರೆಯುವವರಿಗೆ ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅಡ್ಡ ಬರುತ್ತದೆ. ಅಲಿಗಡ–ಕಲ್ಲಿಕೋಟೆ, ಹೈದರಾಬಾದ್–ಲಖನೌ, ಅಹಮದಾಬಾದ್–ಸೂರತ್ ಎಂದು ಜೋಡಿ ಜೋಡಿಯಾಗಿ ಆರು ನಗರಗಳನ್ನು ಹೋಲಿಸಿ ಅವರು ಕಂಡದ್ದು ಇಷ್ಟು: ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವೃತ್ತಿ ಸಂಘಗಳಲ್ಲಿ ಹಿಂದೂ, ಮುಸ್ಲಿಂ ಎರಡೂ ಸಮುದಾಯದವರು ದಿನವೂ ಒಟ್ಟಿಗೆ ಕೂರುವ ಊರುಗಳಲ್ಲಿ ವದಂತಿ ಗಲಭೆಯಾಗಿ ಬೆಳೆಯುವುದು ಕಷ್ಟ. ಹಬ್ಬಕ್ಕೆ ಮುನ್ನ ಠಾಣೆಯಲ್ಲಿ ನಡೆಯುವ ಶಾಂತಿ ಸಭೆ ಬೇಡವೆಂದಲ್ಲ. ವರ್ಷವಿಡೀ ಮುಖ ನೋಡದವರು ಒಂದು ಸಂಜೆ ಚಹಾ ಕುಡಿದು ಫೋಟೊ ತೆಗೆಸಿಕೊಂಡರೆ ಅದು ಹಾಜರಿ ಪುಸ್ತಕದ ಶಾಂತಿ, ಅಷ್ಟೇ. ಹಾಲಿನ ಡೇರಿ, ಕೃಷಿ ಪತ್ತಿನ ಸಹಕಾರ ಸಂಘ, ನೀರು ಬಳಕೆದಾರರ ಸಂಘಗಳ ಆಡಳಿತ ಮಂಡಳಿಯಲ್ಲಿ ಯಾರ್‍ಯಾರು ಕೂರುತ್ತಾರೆ ಎಂಬುದು ಅದಕ್ಕಿಂತ ಹೆಚ್ಚು ಹೇಳುತ್ತದೆ.

ಹಾಗಾದರೆ ಹೊರಗಿನವರಿಗೆ ಇಲ್ಲೇನು ಕೆಲಸ, ಶಾಂತಿಯ ಹೆಸರಲ್ಲಿ ಮೂಗು ತೂರಿಸುವುದಲ್ಲವೇ ಎಂಬ ಸಂದೇಹ ಉಳಿಯುತ್ತದೆ. ಹಣ ಚೆಲ್ಲಿ, ತಮ್ಮ ಮಾದರಿ ಹೇರಿ ಹೋಗುವವರ ವಿಷಯದಲ್ಲಿ ಆ ಸಂದೇಹ ಸರಿಯೇ. ಆದರೆ ಎರಡೂ ಕಡೆಯವರು ನಂಬುವ ಮೂರನೆಯವರು ಬೇಕಾಗುವ ಒಂದು ಕೆಲಸವಿದೆ, ಕರೆಯುವುದು ಮತ್ತು ಅಳೆಯುವುದು. ಭಾರತ–ಪಾಕಿಸ್ತಾನದ ನಡುವೆ 1960ರ ಸಿಂಧೂ ಒಪ್ಪಂದಕ್ಕೆ ವಿಶ್ವಬ್ಯಾಂಕ್ ಮಾಡಿದ್ದು ಅದನ್ನೇ. 1965, 1971, 1999ರ ಯುದ್ಧಗಳಲ್ಲೂ ಅದು ಮುರಿಯಲಿಲ್ಲ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲಿನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟಿತು, ಕಾರಣ ನೀರಿನದಲ್ಲ. ಕಾವೇರಿಗೆ ವಿದೇಶಿ ಮಧ್ಯಸ್ಥಿಕೆ ಬೇಕಿಲ್ಲ, ಎಲ್ಲರೂ ನಂಬುವ ಅಳತೆ ಬೇಕು. ಬಿಳಿಗುಂಡ್ಲುವಿನ ಅಳತೆಯಂತೆ ಹೇಮಾವತಿ ಎಡದಂಡೆಯ ಕೊನೆಯ ತೂಬಿನ ಅಳತೆಯೂ ಯಾರು ಬೇಕಾದರೂ ನೋಡಬಹುದಾದಂತಿರಬೇಕು. ಕರೆಯುವುದಕ್ಕೂ ಒಂದು ಹೊತ್ತಿದೆ. ಕನ್ನಂಬಾಡಿ 2025ರಲ್ಲಿ ಜೂನ್ ತಿಂಗಳಲ್ಲೇ ಗರಿಷ್ಠ ಮಟ್ಟವಾದ 124.80 ಅಡಿಯ ಹತ್ತಿರಕ್ಕೆ ತುಂಬಿತು, ಮುಖ್ಯಮಂತ್ರಿ ಬಾಗಿನ ಬಿಟ್ಟರು. ಬರದ ವರ್ಷದ ಪಾಲನ್ನು ಲೆಕ್ಕ ಹಾಕುವ ಸಭೆಗೆ ಮನ್ನಾರ್‌ಗುಡಿಯವರನ್ನು, ಕ್ಯಾತನಹಳ್ಳಿಯವರನ್ನು, ನಾಗಮಂಗಲದ ಕೊನೆಯ ಭಾಗದವರನ್ನು ಕರೆಯಬೇಕಾದದ್ದು ಅಂಥ ಜೂನ್ ತಿಂಗಳಲ್ಲಿ. ಸೆಪ್ಟೆಂಬರಿನಲ್ಲಿ, ಮಟ್ಟ ನೂರಡಿಗೆ ಇಳಿದ ಮೇಲೆ, ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.