ಅಮೆರಿಕದ ವಿಳಾಸ ಸಿಕ್ಕರೆ ಅಲ್ಲಿ ಆಫೀಸು ಸಿಕ್ಕಂತೆಯೇ? ‘ರಿಜಿಸ್ಟರ್ಡ್ ಏಜೆಂಟ್’ ಅಂದರೆ ಯಾರು?

“ಮನೆಯಲ್ಲೇ ಕೂತು ಅಮೆರಿಕದಲ್ಲಿ ಕಂಪನಿ ತೆರೆಯಿರಿ. ಅಲ್ಲಿನ ವಿಳಾಸ, ಅಲ್ಲಿನ ಏಜೆಂಟ್, ತೆರಿಗೆ ಸೊನ್ನೆ. ಎಲ್ಲವನ್ನೂ ಏಜೆಂಟೇ ನೋಡಿಕೊಳ್ಳುತ್ತಾರೆ.” ಈ ಧಾಟಿಯ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಫ್ರೀಲ್ಯಾನ್ಸ್ ಕೆಲಸ ಮಾಡುವವರು, ಆ್ಯಪ್ ಮಾಡಿ ಮಾರುವ ಹುಡುಗರು ಇಂಥದ್ದನ್ನು ಒಬ್ಬರಿಗೊಬ್ಬರು ಕಳಿಸುತ್ತಿರುತ್ತಾರೆ.

ಇದರಲ್ಲಿ ಒಂದಿಷ್ಟು ನಿಜ ಇದೆ. ಅಮೆರಿಕಕ್ಕೆ ಕಾಲಿಡದೆಯೇ ವಿದೇಶಿಯರು ಅಲ್ಲಿ ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ತೆರೆಯಬಹುದು. ದಾರಿ ತಪ್ಪಿಸುವುದು ‘ಏಜೆಂಟ್’ ಎಂಬ ಪದ. ನಮ್ಮಲ್ಲಿ ಏಜೆಂಟ್ ಅಂದರೆ ಕೆಲಸ ಮಾಡಿಸಿಕೊಡುವವರು. ಎಲ್‌ಐಸಿ ಏಜೆಂಟರು ಪ್ರೀಮಿಯಂ ಕಟ್ಟುವ ದಿನ ನೆನಪಿಸುತ್ತಾರೆ, ಆರ್‌ಟಿಒ ಏಜೆಂಟರು ಸಾಲಿನಲ್ಲಿ ನಿಲ್ಲುತ್ತಾರೆ. ಅಮೆರಿಕದ ರಿಜಿಸ್ಟರ್ಡ್ ಏಜೆಂಟರಿಗೆ ಕಾನೂನು ಕೊಟ್ಟಿರುವ ಕೆಲಸ ಇಷ್ಟೇ: ನಿಮ್ಮ ಕಂಪನಿಯ ಹೆಸರಿಗೆ ಬರುವ ಕೋರ್ಟ್ ನೋಟಿಸು ಮತ್ತು ಸರ್ಕಾರಿ ಪತ್ರಗಳನ್ನು ಕೈಯಲ್ಲಿ ತೆಗೆದುಕೊಂಡು ನಿಮಗೆ ತಲುಪಿಸುವುದು.

ಇದಕ್ಕೊಂದು ಕಾರಣವಿದೆ. ಎಲ್‌ಎಲ್‌ಸಿ ಸಾಲ ಮಾಡಿ ಮುಳುಗಿದರೆ ಸಾಮಾನ್ಯವಾಗಿ ಮಾಲೀಕರ ಮನೆ, ಒಡವೆಗೆ ಕೈ ಹಾಕುವಂತಿಲ್ಲ. ಅಮೆರಿಕದಲ್ಲಿ ಇಂಥ ಕಂಪನಿಗೆ ಮೊದಲು ಕಾನೂನು ಮಾಡಿದ್ದು ವಯೋಮಿಂಗ್ ರಾಜ್ಯ, 1977ರಲ್ಲಿ. ಮಾಲೀಕರಿಗೆ ಇಷ್ಟು ರಕ್ಷಣೆ ಕೊಟ್ಟ ಮೇಲೆ, ಮೋಸ ಹೋದೆ ಅನ್ನುವವರು ಯಾರ ಬಾಗಿಲು ತಟ್ಟಬೇಕು? ಕಂಪನಿ ಇರುವುದು ಕಾಗದದ ಮೇಲೆ, ಮಾಲೀಕರು ಇರುವುದು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ. ಅದಕ್ಕೇ ಕಂಪನಿ ನೋಂದಾಯಿಸಿದ ರಾಜ್ಯದಲ್ಲಿ, ಕೆಲಸದ ವೇಳೆಯಲ್ಲಿ ಒಬ್ಬರು ಸಿಗುವ ನಿಜವಾದ ವಿಳಾಸ ಇರಲೇಬೇಕು ಎಂಬ ನಿಯಮ ಬಂದದ್ದು. ಬರೀ ಪೋಸ್ಟ್ ಬಾಕ್ಸ್ ನಂಬರು ನಡೆಯುವುದಿಲ್ಲ. ನ್ಯೂಯಾರ್ಕ್‌ನಂಥ ಕಡೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೇ ನೋಟಿಸು ತೆಗೆದುಕೊಳ್ಳುವ ಏರ್ಪಾಡಿದೆ.

“ನ್ಯೂಜೆರ್ಸಿಯಲ್ಲಿ ನಮ್ಮ ಭಾವ ಇದ್ದಾರೆ, ಅವರ ಹೆಸರು ಹಾಕಿದರಾಯಿತು” ಅನ್ನುವವರೂ ಇದ್ದಾರೆ. ಕಂಪನಿ ನ್ಯೂಜೆರ್ಸಿಯದ್ದಾದರೆ ಸರಿ. ಡೆಲವೇರ್‌ನದ್ದಾದರೆ ಪಕ್ಕದ ರಾಜ್ಯದ ಭಾವ ಆಗುವುದಿಲ್ಲ. ಅದಕ್ಕೇ ಹೆಚ್ಚಿನವರು ವರ್ಷಕ್ಕೆ ಇಷ್ಟು ಡಾಲರ್ ಎಂದು ಕೊಟ್ಟು ಏಜೆಂಟ್ ಸಂಸ್ಥೆಗಳನ್ನು ಇಟ್ಟುಕೊಳ್ಳುತ್ತಾರೆ. ಡೆಲವೇರ್‌ನ ವಿಲ್ಮಿಂಗ್ಟನ್ ಊರಿನಲ್ಲಿ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬಲ್ಲಿ ತಗ್ಗಿನ, ಸಾಧಾರಣ ಕಟ್ಟಡವೊಂದಿದೆ. 2012ರ ವರದಿಯ ಪ್ರಕಾರ 2,85,000ಕ್ಕೂ ಹೆಚ್ಚು ಕಂಪನಿಗಳಿಗೆ ಅದೇ ಕಾನೂನುಬದ್ಧ ವಿಳಾಸ! ಅಷ್ಟೂ ಕಂಪನಿಗಳ ಆಫೀಸು ಅಲ್ಲಿಲ್ಲ, ಇರುವುದು ಏಜೆಂಟ್ ಸಂಸ್ಥೆ. ಹಾಗಾಗಿ ಆ ವಿಳಾಸ ತೋರಿಸಿ “ನಮ್ಮ ಅಮೆರಿಕ ಆಫೀಸು” ಅನ್ನುವ ಕಂಪನಿ ಕಂಡರೆ ಅದನ್ನು ನಂಬುವ ಮೊದಲು ಸ್ವಲ್ಪ ಯೋಚಿಸಿ. ಕಾನೂನಿನ ಪ್ರಕಾರ ತಪ್ಪೇನಿಲ್ಲ, ಆದರೆ ಅಲ್ಲಿ ಅವರ ಒಂದು ಕುರ್ಚಿಯೂ ಇರಲಿಕ್ಕಿಲ್ಲ. ಬ್ಯಾಂಕ್ ಖಾತೆ ತೆರೆಯುವಾಗಲೂ ಏಜೆಂಟರ ವಿಳಾಸವನ್ನು ಹಲವು ಬ್ಯಾಂಕುಗಳು ವ್ಯಾಪಾರದ ವಿಳಾಸ ಎಂದು ಒಪ್ಪುವುದಿಲ್ಲ.

ಈಗ ನಿಜವಾದ ಅಪಾಯಕ್ಕೆ ಬರೋಣ. ಮೊದಲ ವರ್ಷ ಉಚಿತ ಎಂದು ಏಜೆಂಟರನ್ನು ಇಟ್ಟುಕೊಂಡಿರಿ. ವ್ಯಾಪಾರ ಹಿಡಿಯಲಿಲ್ಲ. ಎರಡನೇ ವರ್ಷದ ಬಿಲ್ಲು ಸ್ಪ್ಯಾಮ್ ಫೋಲ್ಡರಿಗೆ ಬಿತ್ತು, ನೀವು ಕಟ್ಟಲಿಲ್ಲ. ಏಜೆಂಟರು ರಾಜೀನಾಮೆ ಕೊಡುತ್ತಾರೆ. ಡೆಲವೇರ್‌ನಲ್ಲಿ ಆಗ ಹೊಸ ಏಜೆಂಟರನ್ನು ನೇಮಿಸಲು 30 ದಿನ ಮಾತ್ರ, ಇಲ್ಲದಿದ್ದರೆ ಕಂಪನಿಯ ನೋಂದಣಿಯೇ ರದ್ದು. ಅದಾದ ಮೇಲೆ ಹಳೇ ಗ್ರಾಹಕರೊಬ್ಬರು ಕಂಪನಿಯ ಮೇಲೆ ಕೇಸು ಹಾಕಿದರೆ ನೋಟಿಸನ್ನು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ನಿಮ್ಮ ಫೋನಿಗೆ ಒಂದು ಮೆಸೇಜೂ ಬಾರದೆ ದಿನಗಳು ಓಡುತ್ತಿರುತ್ತವೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ನೋಟಿಸು ತಲುಪಿದ ಮೇಲೆ ಉತ್ತರ ಕೊಡಲು ಸಾಮಾನ್ಯವಾಗಿ 21 ದಿನ. ಉತ್ತರ ಬರದಿದ್ದರೆ ನಮ್ಮ ಕೋರ್ಟಿನ ಅಂಗಳದಲ್ಲಿ ಹೇಳುತ್ತಾರಲ್ಲ, ‘ಎಕ್ಸ್‌ಪಾರ್ಟಿ ಆಗಿಹೋಯಿತು’ ಅಂತ, ಅದೇ ಕಥೆ. ನಿಮ್ಮ ವಾದ ಎಷ್ಟೇ ಗಟ್ಟಿಯಿದ್ದರೂ ಅದನ್ನು ಕೇಳುವವರಿರುವುದಿಲ್ಲ.

ಇನ್ನು ‘ತೆರಿಗೆ ಸೊನ್ನೆ’ ಅನ್ನುವ ಮಾತು. ಆದಾಯ ಇರಲಿ ಬಿಡಲಿ, ಡೆಲವೇರ್ ಎಲ್‌ಎಲ್‌ಸಿಗೆ ವರ್ಷಕ್ಕೆ 300 ಡಾಲರ್ ತೆರಿಗೆ ಇದೆ. ಜೂನ್ 1ರೊಳಗೆ ಕಟ್ಟದಿದ್ದರೆ 200 ಡಾಲರ್ ದಂಡ, ಮೇಲೆ ತಿಂಗಳಿಗೆ ಶೇ. 1.5 ಬಡ್ಡಿ. ಇದಕ್ಕಿಂತ ದೊಡ್ಡದು ಫಾರ್ಮ್ 5472. ವಿದೇಶಿಯರೊಬ್ಬರೇ ಮಾಲೀಕರಾಗಿರುವ ಎಲ್‌ಎಲ್‌ಸಿ, ಮಾಲೀಕರೊಂದಿಗೆ ನಡೆದ ಹಣದ ವ್ಯವಹಾರವನ್ನು ಅಮೆರಿಕದ ತೆರಿಗೆ ಇಲಾಖೆಗೆ ಇದರಲ್ಲಿ ತಿಳಿಸಬೇಕು. ನೀವು ಹಾಕಿದ ಬಂಡವಾಳವೂ ವ್ಯವಹಾರವೇ. ತಪ್ಪಿದರೆ ದಂಡ 25,000 ಡಾಲರ್. ಇದನ್ನು ತುಂಬುವುದು ರಿಜಿಸ್ಟರ್ಡ್ ಏಜೆಂಟರ ಕೆಲಸವಲ್ಲ. ಇತ್ತ ಭಾರತದಲ್ಲಿ ವಾಸವಿರುವವರು ಈ ಕಂಪನಿಯನ್ನು ಇಲ್ಲಿನ ಐಟಿ ರಿಟರ್ನ್‌ನ ‘ಶೆಡ್ಯೂಲ್ ಎಫ್‌ಎ’ಯಲ್ಲಿ ತೋರಿಸಬೇಕು, ಅಲ್ಲಿನ ಆದಾಯಕ್ಕೆ ಇಲ್ಲಿ ತೆರಿಗೆಯೂ ಬೀಳಬಹುದು. ವಿದೇಶಿ ಹೂಡಿಕೆಗೆ ಫೆಮಾ ನಿಯಮಗಳೂ ಇವೆ. ಹಣ ಕಳಿಸುವ ಮೊದಲೇ ಸಿಎ ಒಬ್ಬರನ್ನು ಕೇಳಿ.

ಕಂಪನಿ ಕಟ್ಟಿಕೊಂಡು ಅಮೆರಿಕಕ್ಕೆ ಹಾರಬಹುದೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ಎಲ್‌ಎಲ್‌ಸಿ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ.

ಈಗಾಗಲೇ ಎಲ್‌ಎಲ್‌ಸಿ ತೆರೆದಿರುವವರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಏಜೆಂಟರ ಬಳಿ ಇರುವ ಇಮೇಲ್, ಫೋನ್ ನಂಬರು ಈಗಲೂ ನೀವು ಬಳಸುವುದೇನಾ ಎಂದು ನೋಡಿ. ಸರ್ಕಾರಿ ಪತ್ರದಂತೆ ಕಾಣುವ, ಬೇಡದ ಸರ್ಟಿಫಿಕೇಟಿಗೆ ದುಡ್ಡು ಕೇಳುವ ಖಾಸಗಿ ಪತ್ರಗಳೂ ಬರುತ್ತವೆ. ಕಟ್ಟುವ ಮೊದಲು ರಾಜ್ಯದ ಅಧಿಕೃತ ವೆಬ್‌ಸೈಟಿನಲ್ಲಿ ಹೋಲಿಸಿ. ಕಂಪನಿ ಬೇಡವಾದರೆ ಏಜೆಂಟರ ಬಿಲ್ಲು ನಿಲ್ಲಿಸಿ ಸುಮ್ಮನಾಗಬೇಡಿ, ಡೆಲವೇರ್‌ನಲ್ಲಾದರೆ ಬಾಕಿ ತೆರಿಗೆ ಕಟ್ಟಿ ರದ್ದತಿ ಪತ್ರ ಸಲ್ಲಿಸಬೇಕು. ಏಜೆಂಟರನ್ನು ಬಿಡುವುದು ಅದಾದ ಮೇಲೆ.